ಬಿಬ್ಬೋ, ಬರೀ ಚಡ್ಡಿಯೋ?

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಆಫೀಸಿನ ರಿಲೀಸು, ಮಳೆ, ಊರಿನ ಜಾತ್ರೆ... ನೆಪಗಳಿಗೇನು ಬರ! ಇವತ್ತಿನ ವಿಷಯ ಚಡ್ಡಿ. ಹೌದು, ಸರಿಯಾಗೇ ಓದಿದ್ರಿ. ಸೈಕಲ್ ಹೊಡೆಯೋ ಹೆಂಗಸರ ಚಡ್ಡಿ. ಮುಜುಗರ ಆಗೋರು ಹಿಂದಿನ ಪೋಸ್ಟಿನ ಹಿತಕಿದ ಬೇಳೆ ಸಾರಿನ ಕಡೆ ಹೋಗಬಹುದು :)

ನಮ್ಮ ಟೀಮಿನ ಹುಡುಗಿಯೊಬ್ಬಳು ಹೊಸದಾಗಿ ರೋಡ್ ಬೈಕು ತಗೊಂಡಿದ್ದಾಳೆ. ಹೋದ ವಾರ ಕಾಫಿ ಮಷೀನಿನ ಹತ್ತಿರ ನನ್ನ ನಿಲ್ಲಿಸಿ, "ಅಕ್ಕಾ, ಬಿಬ್ ಶಾರ್ಟ್ಸ್ ತಗೊಳ್ಲಾ, ಮಾಮೂಲಿ ಶಾರ್ಟ್ಸ್ ತಗೊಳ್ಲಾ? ಗ್ರೂಪಿನ ಹುಡುಗ್ರೆಲ್ಲ ಬಿಬ್ಬೇ ತಗೋ, ಒಂದ್ಸಲ ಹಾಕಿದ್ರೆ ಮತ್ತೆ ಬೇರೆ ಹಾಕಲ್ಲ ಅಂತಿದಾರೆ" ಅಂದಳು. "ಆ ಹುಡುಗ್ರು ದಾರೀಲಿ ಒಂದಕ್ಕೆ ಎಲ್ಲಿ ಹೋಗ್ತಾರೆ ನೋಡಿದೀಯಾ?" ಅಂತ ಕೇಳಿದೆ. ಕಿಸಕ್ಕನೆ ನಕ್ಕಳು. ನಾನು ಕೇಳಿದ್ದು ತಮಾಷೆಗಲ್ಲ. ಕಾಫಿ ಮುಗಿಯೋದ್ರೊಳಗೆ ಹೇಳಿ ಮುಗಿಸೋ ವಿಷಯ ಅಲ್ಲ ಅಂತ ಇಲ್ಲಿ ಬರೀತಿದೀನಿ.

ಗೊತ್ತಿಲ್ಲದವರಿಗೆ ಮೊದಲು ವಸ್ತು ಪರಿಚಯ. ಮಾಮೂಲಿ ಸೈಕ್ಲಿಂಗ್ ಶಾರ್ಟ್ಸ್ ಅಂದ್ರೆ ಮೈಗೆ ಅಂಟಿಕೊಂಡಿರೋ, ತೊಡೆಯ ಮುಕ್ಕಾಲು ಭಾಗ ಬರೋ ಲೈಕ್ರಾ ಚಡ್ಡಿ. ಸೊಂಟದಲ್ಲಿ ಎಲಾಸ್ಟಿಕ್ಕು, ಕೂರೋ ಜಾಗದಲ್ಲಿ ಒಂದು ಪ್ಯಾಡು. ಬಿಬ್ ಅಂದ್ರೆ ಅದೇ ಚಡ್ಡಿ, ಆದ್ರೆ ಸೊಂಟದ ಎಲಾಸ್ಟಿಕ್ ತೆಗೆದು ಹೆಗಲ ಮೇಲೆ ಎರಡು ಪಟ್ಟಿ ಕೊಟ್ಟಿರ್ತಾರೆ. ನಮ್ಮೂರಿನಲ್ಲಿ ಚಿಕ್ಕ ಹುಡುಗರ ಚಡ್ಡಿ ಜಾರದೇ ಇರಲಿ ಅಂತ ಟೈಲರು ಹೆಗಲಿಗೆ ಪಟ್ಟಿ ಹೊಲಿದು ಕೊಡ್ತಿದ್ನಲ್ಲ, ಥೇಟ್ ಅದೇ. ನಾನು ಮೊದಲ ಬಿಬ್ ಒಗೆದು ಟೆರೇಸಿನ ಹಗ್ಗಕ್ಕೆ ಹಾಕಿದ ದಿನ ಕೆಳಗಿನ ಮನೆ ಆಂಟಿ ಬಂದು, "ಯಾರ ಮಗೂದಮ್ಮ ಇದು, ಇಷ್ಟು ದೊಡ್ಡದು?" ಅಂತ ಕೇಳಿದ್ರು. ಏನಂತ ಹೇಳೋದು? ನಂದೇ ಆಂಟಿ ಅಂದೆ. ಆಮೇಲೆ ಎರಡು ದಿನ ನನ್ನ ಒಂಥರಾ ನೋಡ್ತಿದ್ರು.

ಈ ಬಟ್ಟೆಯ ಕಥೆ ಸ್ವಲ್ಪ ಮಜಾ ಇದೆ. ಲೈಕ್ರಾ ಅನ್ನೋ ನೂಲನ್ನ 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಅನ್ನೋ ವಿಜ್ಞಾನಿ ಕಂಡುಹಿಡಿದದ್ದು. ಅವರ ಕಣ್ಣಿದ್ದದ್ದು ಹೆಂಗಸರ ಒಳ ಉಡುಪಿನ ರಬ್ಬರಿಗೆ ಬದಲಿ ಹುಡುಕೋದ್ರ ಮೇಲೆ. ಅದಕ್ಕೆ ಮುಂಚೆ ಸೈಕಲ್ ರೇಸಿನವರು ಉಣ್ಣೆ ಚಡ್ಡಿ ಹಾಕಿಕೊಳ್ತಿದ್ರು, ಒಳಗೆ ಪ್ಯಾಡಿನ ಜಾಗದಲ್ಲಿ ನಿಜವಾದ ಚರ್ಮ. ಯುರೋಪಿನ ಬೆಟ್ಟಗಳಲ್ಲಿ ಮೇಕೆಯ ಥರದ ಒಂದು ಪ್ರಾಣಿ ಇದೆಯಲ್ಲ, ಶಾಮಿ ಅಂತ, ಅದರ ಚರ್ಮ. ಒಗೆದು ಒಣಗಿಸಿದ್ರೆ ಹಪ್ಪಳದ ಹಾಗೆ ಸೆಟೆದುಕೊಳ್ತಿತ್ತು, ಮತ್ತೆ ಮೆತ್ತಗಾಗಲಿ ಅಂತ ಜಿಡ್ಡು ಸವರಬೇಕಿತ್ತು. ಈಗಿನದೆಲ್ಲಾ ಫೋಮು, ಸಿಂಥೆಟಿಕ್ ಬಟ್ಟೆ. ಆದ್ರೂ ಪ್ಯಾಡಿಗೆ ಇವತ್ತಿಗೂ ಶಾಮಿ ಅಂತಲೇ ಹೆಸರು, ಅದಕ್ಕೆ ಹಚ್ಚೋ ಕ್ರೀಮಿಗೆ ಶಾಮಿ ಕ್ರೀಮ್ ಅಂತ.

ಪ್ಯಾಡಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದ್ರೆ ಬಿಬ್ಬೋ ಶಾರ್ಟ್ಸೋ ಅನ್ನೋದಕ್ಕಿಂತ ಮುಂಚಿನ ಪ್ರಶ್ನೆ ಅದು. ಇದರ ಕೆಳಗೆ ಒಳಚಡ್ಡಿ ಹಾಕೋ ಹಾಗಿಲ್ಲ. ಇದನ್ನ ಹೇಳಿದ ತಕ್ಷಣ ಹುಡುಗೀರ ಮುಖ ನೋಡಬೇಕು ನೀವು! ಆದ್ರೆ ಕಾರಣ ಸೀದಾ ಇದೆ. ಪ್ಯಾಡು ಮೈಗೆ ತಾಗಿದ್ರೇನೇ ಬೆವರು ಹೀರೋದು. ಮಧ್ಯೆ ಹತ್ತಿಯ ಚಡ್ಡಿ ಇದ್ರೆ ಅದು ಒದ್ದೆಯಾಗಿ, ಅದರ ಹೊಲಿಗೆ ಎರಡು ಗಂಟೆ ಒಂದೇ ಜಾಗದಲ್ಲಿ ಉಜ್ಜಿ, ಮಾರನೇ ದಿನ ಆಫೀಸಿನ ಕುರ್ಚಿಯಲ್ಲಿ ಕೂರೋಕಾಗಲ್ಲ. ಇನ್ನೊಂದು, ಗಂಡಸರ ಪ್ಯಾಡು ಬೇರೆ ನಮ್ಮದು ಬೇರೆ. ನಾವು ಸೀಟಿನ ಮೇಲೆ ಊರೋ ಎರಡು ಮೂಳೆಗಳ ನಡುವಿನ ಅಂತರ ಹೆಂಗಸರಲ್ಲಿ ಸಾಮಾನ್ಯವಾಗಿ ಜಾಸ್ತಿ. ಹಾಗಾಗಿ ಪ್ಯಾಡಿನ ದಪ್ಪ ಭಾಗ ಅಗಲಕ್ಕೆ ಇರಬೇಕು, ಮುಂದೆ ಚಿಕ್ಕದಿರಬೇಕು. ಗಂಡನದ್ದೋ ತಮ್ಮನದ್ದೋ ಒಂದು ಎಕ್ಸ್‌ಟ್ರಾ ಇದೆ ಅಂತ ಹಾಕಿಕೊಂಡು ಹೋದ್ರೆ ದಪ್ಪ ಇರಬೇಕಾದ ಕಡೆ ಏನೂ ಇರಲ್ಲ, ಬೇಡದ ಕಡೆ ದಿಂಬು ಇರುತ್ತೆ.

ಒಂದೇ ಕಂಪನಿಯ ಒಂದೇ ಮಟ್ಟದ ಬಿಬ್ಬು, ಶಾರ್ಟ್ಸು ಎರಡರಲ್ಲೂ ಸಾಮಾನ್ಯವಾಗಿ ಪ್ಯಾಡು ಅದೇ ಇರುತ್ತೆ. ಹಾಗಾದ್ರೆ ವ್ಯತ್ಯಾಸ ಎಲ್ಲಿ? ಹೊಟ್ಟೆಯಲ್ಲಿ.

ಮನೆಯಲ್ಲಿ ನೆಟ್ಟಗೆ ನಿಂತಾಗ ಸೊಂಟದ ಎಲಾಸ್ಟಿಕ್ಕು ಏನೂ ಮಾಡಲ್ಲ. ಸೈಕಲ್ ಮೇಲೆ ಮುಂದಕ್ಕೆ ಬಗ್ಗಿದ ಮೇಲೇ ಅದರ ಬಣ್ಣ ಬಯಲಾಗೋದು. ಹೊಟ್ಟೆಯ ಮಡಿಕೆಯೊಳಗೆ ಹೋಗಿ ಕೂತುಬಿಡುತ್ತೆ. ಏದುಸಿರು ಬಿಡುವಾಗ ಹೊಟ್ಟೆ ಉಬ್ಬೋಕೆ ಜಾಗ ಇರಲ್ಲ. ಬೆಳಿಗ್ಗೆ ತಿಂದ ಎರಡು ಇಡ್ಲಿ ಗಂಟಲಿಗೆ ಬರುತ್ತೆ. ಮುಟ್ಟಿನ ಮೊದಲ ದಿನ, ಹೊಟ್ಟೆ ಊದಿಕೊಂಡಿರುವಾಗ, ಆ ಪಟ್ಟಿ ಒಂದು ಇಂಚು ಅಗಲದ ಶಿಕ್ಷೆ. ನಮ್ಮ ಆಫೀಸಿನ ಇನ್ನೊಬ್ಬರು, ಎರಡು ಮಕ್ಕಳ ತಾಯಿ, ಎರಡೂ ಸಿಸೇರಿಯನ್ನು, ಒಂದ್ಸಲ ಹೇಳಿದ್ರು: "ನನಗೆ ಹೊಲಿಗೆ ಹಾಕಿದ ಗೀಟಿನ ಹತ್ತಿರಾನೇ ಕಣೇ ಅದು ಕೂರೋದು. ಏಳು ವರ್ಷ ಆದ್ರೂ ಒಂಥರಾ ಜುಮ್ಮು ಅನ್ನುತ್ತೆ." ಅವರು ಬಿಬ್ ಹಾಕಿದ ದಿನ ವರ್ತೂರು ಕೋಡಿಯಿಂದ ಸರ್ಜಾಪುರದವರೆಗೂ ಹಾಡು ಹೇಳಿಕೊಂಡು ಬಂದ್ರು. ಅವರ ಹಾಡು ಕೇಳಿದವರಿಗೆ ಗೊತ್ತು ಅದೆಷ್ಟು ದೊಡ್ಡ ಘಟನೆ ಅಂತ.

ಬಿಬ್ಬಿನ ಸುಖ ಸುಳ್ಳಲ್ಲ. ಸೊಂಟದಲ್ಲಿ ಏನೂ ಬಿಗಿಯಲ್ಲ. ಪ್ಯಾಡು ಇದ್ದ ಜಾಗದಲ್ಲೇ ಇರುತ್ತೆ, ಯಾಕಂದ್ರೆ ಮೇಲಿಂದ ಪಟ್ಟಿ ಎಳೆದು ಹಿಡಿದಿರುತ್ತೆ. ಮಾಮೂಲಿ ಶಾರ್ಟ್ಸು ಗಂಟೆಗೊಂದು ಸಲ ಅರ್ಧ ಇಂಚು ಕೆಳಗೆ ಜಾರುತ್ತೆ, ಸಿಗ್ನಲ್ಲಿನಲ್ಲಿ ನಿಂತಾಗ ಮೇಲಕ್ಕೆಳೆದುಕೊಳ್ಳಬೇಕು. ಹೋಪ್ ಫಾರ್ಮ್ ಸಿಗ್ನಲ್ಲಿನಲ್ಲಿ, ಸುತ್ತ ನೂರು ಜನ ಬೈಕಿನಲ್ಲಿ ನಿಂತಿರುವಾಗ, ಆ ಕೆಲಸ ಮಾಡಿ ನೋಡಿ! ಬಗ್ಗಿದಾಗ ಜರ್ಸಿ ಮೇಲೆ ಹೋಗಿ ಚಡ್ಡಿ ಕೆಳಗೆ ಬಂದು ಮಧ್ಯೆ ಬೆನ್ನು ಕಾಣೋದು ಇದೆಯಲ್ಲ, ಬಿಬ್ಬಿನಲ್ಲಿ ಆ ಚಿಂತೆಯೂ ಇಲ್ಲ. ಹಿಂದೆ ಬರೋ ಟೆಂಪೋದವನ ದೃಷ್ಟಿ ನಮ್ಮ ಬೆನ್ನಿನ ಮೇಲಿದೆ ಅನ್ನೋ ಅನುಮಾನ ಇಲ್ಲದೆ ಪೆಡಲ್ ತುಳಿಯೋದಕ್ಕೆ ಸಿಗೋ ನೆಮ್ಮದಿಯನ್ನ ಯಾವ ರಿವ್ಯೂನಲ್ಲೂ ಬರೆಯಲ್ಲ.

ಇಷ್ಟೆಲ್ಲಾ ಇದ್ದೂ ನಾನು ಆ ಹುಡುಗಿಗೆ "ಬಿಬ್ ತಗೋ" ಅಂತ ಹೇಳಲಿಲ್ಲ.

ನಾನಿರೋದು ಕಾಡುಗೋಡಿಯಲ್ಲಿ. ಭಾನುವಾರದ ನನ್ನ ಮಾಮೂಲಿ ದಾರಿ ಮಾಲೂರು. ರೈಲಿನಲ್ಲಿ ಹೋದೋರಿಗೆ ಗೊತ್ತಿರುತ್ತೆ, ವೈಟ್‌ಫೀಲ್ಡ್ ಆದ ಮೇಲೆ ದೇವನಗೊಂದಿ, ಆಮೇಲೆ ಮಾಲೂರು. ರಸ್ತೆಯಲ್ಲಿ ಹೋಗಿ ಬಂದ್ರೆ ಅರವತ್ತು ಕಿಲೋಮೀಟರ್ ಆಸುಪಾಸು. ನೀಲಗಿರಿ ತೋಪು, ಗುಲಾಬಿ ಪಾಲಿಹೌಸು, ಇಟ್ಟಿಗೆ ಗೂಡು, ಹೊಸಾ ಲೇಔಟಿನ ಕಲ್ಲುಕಂಬಗಳು. ದೇವನಗೊಂದಿಯಲ್ಲಿ ಎಣ್ಣೆ ಕಂಪನಿಗಳ ಡಿಪೋ ಇರೋದ್ರಿಂದ ಪಕ್ಕದಲ್ಲೇ ಟ್ಯಾಂಕರ್‌ಗಳ ಸಾಲು. ಊರಿನ ಎಲ್ಲಾ ಪೆಟ್ರೋಲ್ ಬಂಕಿಗೆ ಹೋಗೋ ಟ್ಯಾಂಕರುಗಳು ನನ್ನ ಪಕ್ಕದಲ್ಲೇ ಹೋಗ್ತಿರ್ತವೆ, ನಾನು ಮಾತ್ರ ಒಂದು ಬಂಕು ಯಾವಾಗ ಬರುತ್ತಪ್ಪಾ ಅಂತ ಕಾಯ್ತಿರ್ತೀನಿ. ಪೆಟ್ರೋಲಿಗಲ್ಲ ಅಂತ ಬೇರೆ ಹೇಳಬೇಕಾ?

ಬಂಕು ಬರುತ್ತೆ. ಈಗ ಬಿಬ್ ಹಾಕಿದ ಹೆಂಗಸೊಬ್ಬಳ ಹೆಜ್ಜೆ ಹೆಜ್ಜೆ ವರದಿ ಕೊಡ್ತೀನಿ, ಗಂಡಸು ಓದುಗರು ದಯವಿಟ್ಟು ಓದಬೇಕು. ಮೊದಲು ಬೀಗದ ಕೈ ಕೇಳಬೇಕು. ಪೈಪು ಹಿಡಿದಿರೋ ಹುಡುಗ ಆಫೀಸಿನ ಕಡೆ ತೋರಿಸ್ತಾನೆ, ಆಫೀಸಿನವರು ಹುಡುಗನ ಕಡೆ. ಕೀ ಸಿಕ್ತು ಅಂತಿಟ್ಕೊಳ್ಳಿ. ನೆಲ ಒದ್ದೆ. ನನ್ನ ಶೂ ಕೆಳಗೆ ಪೆಡಲಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಕ್ಲೀಟು, ಒದ್ದೆ ಟೈಲ್ಸಿನ ಮೇಲೆ ಅದು ಸೋಪಿನ ತುಂಡು. ಬಾಗಿಲಿಗೆ ಚಿಲಕ ಇರಲ್ಲ, ಇದ್ರೂ ಬೀಳಲ್ಲ. ಬಿಬ್ ಇಳಿಸಬೇಕಾದ್ರೆ ಮೊದಲು ಜರ್ಸಿ ಪೂರ್ತಿ ತೆಗೀಬೇಕು. ಜರ್ಸಿಯ ಬೆನ್ನ ಜೇಬಲ್ಲಿ ಮೊಬೈಲು, ಟ್ಯೂಬು, ದುಡ್ಡು, ಅರ್ಧ ಬಾಳೆಹಣ್ಣು. ಅದನ್ನ ನೇತುಹಾಕೋಕೆ ಒಂದು ಮೊಳೆ ಇರಲ್ಲ. (ದೇಶದಲ್ಲಿ ಇಷ್ಟೊಂದು ಟಾಯ್ಲೆಟ್ ಕಟ್ಟಿಸಿದವರಿಗೆ ಬಾಗಿಲ ಹಿಂದೆ ಒಂದು ಮೊಳೆ ಹೊಡೆಸೋಕೆ ಏನಾಗಿತ್ತು?) ಹಾಗಾಗಿ ಜರ್ಸಿ ಬಾಯಲ್ಲಿ ಕಚ್ಚಿಕೊಳ್ಳೋದು. ಹೆಗಲಿನ ಪಟ್ಟಿ ಎರಡೂ ಇಳಿಸಿ, ಅವು ನೆಲಕ್ಕೆ ತಾಗದ ಹಾಗೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲು ಒತ್ತಿ, ಬರೀ ಸ್ಪೋರ್ಟ್ಸ್ ಬ್ರಾದಲ್ಲಿ, ಕ್ಲೀಟಿನ ಮೇಲೆ ಬ್ಯಾಲೆನ್ಸ್ ಮಾಡಿಕೊಂಡು, ಇಂಡಿಯನ್ ಕಮೋಡಿನ ಮೇಲೆ ಕುಕ್ಕರಗಾಲಲ್ಲಿ... ಯೋಗ ಶಿಬಿರದವರು ಈ ಆಸನಕ್ಕೊಂದು ಹೆಸರಿಡಬೇಕು.

ಅಷ್ಟು ಹೊತ್ತಿಗೆ ಜೊತೆಗೆ ಬಂದ ಹುಡುಗರು ಬಂಕಿನ ಹಿಂದಿನ ಗೋಡೆ ಹತ್ತಿರ ಹೋಗಿ, ಬಂದು, ಟೀ ಕುಡಿದು, "ಎಷ್ಟೊತ್ತು ಇವರದ್ದು" ಅನ್ನೋ ಮುಖ ಮಾಡಿಕೊಂಡು ನಿಂತಿರ್ತಾರೆ. ಅವರಿಗೆ ಬಿಬ್ಬು ಅಂದ್ರೆ ಮುಂಭಾಗ ಒಂಚೂರು ಕೆಳಗೆಳೆದ್ರೆ ಮುಗೀತು. ಹಾಗಾಗೇ ಅವರು ಹೇಳೋದು, ಒಂದ್ಸಲ ಹಾಕಿದ್ರೆ ಮತ್ತೆ ಬೇರೆ ಹಾಕಲ್ಲ ಅಂತ. ಅವರ ಮಟ್ಟಿಗೆ ಅದು ನಿಜವೇ.

ಇದೇ ಕಾಯಿಲೆ ದೊಡ್ಡವರನ್ನೂ ಬಿಟ್ಟಿಲ್ಲ. 2017ರ ಇಟಲಿಯ ಜಿರೋ ರೇಸಿನಲ್ಲಿ ಮುಂಚೂಣಿಯಲ್ಲಿದ್ದ ಟಾಮ್ ಡುಮೊಲಾನ್ ಹೊಟ್ಟೆ ಕೆಟ್ಟು ರಸ್ತೆ ಬದಿಯಲ್ಲೇ ನಿಂತು ಬಟ್ಟೆ ಬಿಚ್ಚಿದ್ದನ್ನ ಟೀವಿಯಲ್ಲಿ ಜಗತ್ತೇ ನೋಡ್ತು. ಎರಡು ನಿಮಿಷದ ಮೇಲೆ ಕಳಕೊಂಡ್ರೂ ಕೊನೆಗೆ ಅವರೇ ಗೆದ್ರು, ಅದೊಂದು ತಮಾಷೆಯ ಕಥೆಯಾಗಿ ಉಳೀತು. ಹೆಂಗಸರ ಕಥೆ ಹಾಗೆ ಮುಗಿಯಲಿಲ್ಲ. 2023ರ ಮೇ ತಿಂಗಳಲ್ಲಿ ಸ್ಪೇನಿನ ಹೆಂಗಸರ ವುಯೆಲ್ಟಾ ರೇಸಿನ ಆರನೇ ದಿನ, ಮೊದಲ ಸ್ಥಾನದ ಕೆಂಪು ಜರ್ಸಿ ಹಾಕಿದ್ದ ಡೆಮಿ ವೊಲ್ಲೆರಿಂಗ್ ಮೂತ್ರಕ್ಕೆ ನಿಂತ್ರು. ಅದೇ ಹೊತ್ತಿಗೆ ಅಡ್ಡಗಾಳಿಯಲ್ಲಿ ಎದುರಾಳಿ ತಂಡ ಜೋರಾಗಿ ಮುಂದೆ ಹೋಯ್ತು. ಅವತ್ತು ಒಂದು ನಿಮಿಷದಷ್ಟು ಹಿಂದೆ ಬಿದ್ರು. ಮಾರನೇ ದಿನ ಬೆಟ್ಟ ಹತ್ತೋ ಕೊನೇ ಹಂತ ಗೆದ್ರೂ ಒಟ್ಟು ರೇಸು ಕೈ ತಪ್ಪಿದ್ದು ಬರೀ ಒಂಬತ್ತು ಸೆಕೆಂಡಿಗೆ! ಅನೆಮಿಕ್ ವಾನ್ ವ್ಲೂಟೆನ್ ಗೆದ್ರು. ಬೇಕಂತಲೇ ಮಾಡಿದ್ರು, ಇಲ್ಲ ಮೊದಲೇ ಪ್ಲಾನ್ ಆಗಿತ್ತು ಅಂತ ಆಮೇಲೆ ದೊಡ್ಡ ಚರ್ಚೆ ಆಯ್ತು. ನನಗೆ ಆ ಚರ್ಚೆಗಿಂತ ಆ ಒಂಬತ್ತು ಸೆಕೆಂಡು ತಲೆಯಲ್ಲಿ ಕೂತಿದೆ. ಒಂದು ಪಟ್ಟಿ ಹೆಗಲಿಂದ ಇಳಿಸಿ ಏರಿಸೋಕೆ ನನಗೆ ಅದಕ್ಕಿಂತ ಜಾಸ್ತಿ ಬೇಕು.

ನಮಗೇನು ರೇಸಿಲ್ಲವಲ್ಲ, ಒಂಬತ್ತು ಸೆಕೆಂಡು ಹೋದ್ರೆ ಹೋಯ್ತು ಅಂತೀರಾ. ಹೋಗೋದು ಸೆಕೆಂಡಲ್ಲ. ನೀರು.

ಇದು ಅರ್ಥ ಆಗಬೇಕಾದ್ರೆ ನಮ್ಮ ಚಿಕ್ಕಮ್ಮನ ವಿಷಯ ಹೇಳಬೇಕು. ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದಾಗ ಮೊದಲ ಒಂದು ವರ್ಷ ಇದ್ದದ್ದು ದಾಸರಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ. ಆಕೆ ಪೀಣ್ಯ ಎರಡನೇ ಹಂತದ ಒಂದು ಗಾರ್ಮೆಂಟ್ಸಿನಲ್ಲಿ ಟೈಲರು. ಬೆಳಿಗ್ಗೆ ಅರ್ಧ ಲೋಟ ಕಾಫಿ, ಆಮೇಲೆ ಸಂಜೆವರೆಗೂ ಹನಿ ನೀರು ಮುಟ್ಟುತ್ತಿರಲಿಲ್ಲ. ಬ್ಯಾಗಿನಲ್ಲಿ ನೀರಿನ ಬಾಟಲಿ ಇರ್ತಿತ್ತು, ಸಂಜೆ ಅದೇ ನೀರನ್ನ ಬಾಗಿಲ ತುಳಸಿಗೆ ಹಾಕ್ತಿದ್ರು. ಗಂಟೆಗಿಷ್ಟು ಪೀಸು ಅಂತ ಟಾರ್ಗೆಟ್ಟು, ಎದ್ದು ಹೋದ್ರೆ ಹಿಂದಿನವಳ ಮುಂದೆ ಬಟ್ಟೆ ರಾಶಿ ಬೀಳಲ್ಲ, ಮುಂದಿನವಳಿಗೆ ಕೆಲಸ ಇರಲ್ಲ, ಸೂಪರ್‌ವೈಸರ್ ಬಾಯಿ. 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಬೇಕು ಅಂತಿತ್ತು. ಚಿಕ್ಕಮ್ಮನ ಫ್ಯಾಕ್ಟರಿಯಲ್ಲೂ ಇತ್ತು. ಕಾಯ್ದೆಯಲ್ಲಿ ಇರೋದಕ್ಕೂ ಮಿಷಿನ್ ಬಿಟ್ಟು ಎದ್ದು ಹೋಗೋ ಧೈರ್ಯಕ್ಕೂ ತುಂಬಾ ದೂರ. ಹನ್ನೊಂದು ವರ್ಷ ಹೀಗೆ ಮಾಡಿ ಆಕೆಗೆ ಸಿಕ್ಕಿದ್ದು ಪಿಎಫ್ಪು, ಮತ್ತೆ ಮತ್ತೆ ಬರೋ ಉರಿಮೂತ್ರ, ಆಮೇಲೊಂದು ಕಿಡ್ನಿ ಕಲ್ಲು. ರಾತ್ರಿ ಎರಡು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿ ಕೂತಿದ್ದ ಚಿಕ್ಕಮ್ಮನ್ನ ಆಟೋದಲ್ಲಿ ಆಸ್ಪತ್ರೆಗೆ ಕರಕೊಂಡು ಹೋಗಿದೀನಿ ನಾನು.

ಈ ಚಿಕ್ಕಮ್ಮನಿಗೆ ಹೊಸಾ ಬಿಬ್ ತೋರಿಸಿದ್ದೆ. ತಿರುಗಿಸಿ ಮುರುಗಿಸಿ ನೋಡಿದ್ರು. ಹೊಲಿಗೆ ಚೆನ್ನಾಗಿದೆ, ಫ್ಲ್ಯಾಟ್‌ಲಾಕ್ ಹಾಕವ್ರೆ ಅಂದ್ರು. (ಹೊಲಿಗೆ ವಿಷಯದಲ್ಲಿ ಚಿಕ್ಕಮ್ಮ ಹೇಳಿದ್ರೆ ಹೇಳಿದ್ದೇ.) ಆಮೇಲೆ ಪಟ್ಟಿ ಹಿಡಿದು, "ಅಲ್ಲಾ ಕಣೇ, ಒಂದಕ್ಕೆ ಹೋಗೋಕೆ ಏನ್ ಮಾಡ್ತೀಯಾ ಇದ್ರಲ್ಲಿ?" ಅಂದ್ರು. ನಾನು ಬಿಬ್ ತಗೊಳ್ಳೋ ಮುಂಚೆ ಆರೇಳು ಜನ ಅನುಭವಸ್ಥರ ಹತ್ತಿರ ವಿಚಾರಿಸಿದ್ದೆ. ಪ್ಯಾಡಿನ ಸಾಂದ್ರತೆ, ಪಟ್ಟಿಯ ಬಲೆ ಬಟ್ಟೆ, ತೊಡೆಯ ಗ್ರಿಪ್ಪು, ಎಲ್ಲಾ ಹೇಳಿದ್ರು. ಸೈಕಲ್ ತುಳಿಯದ ಚಿಕ್ಕಮ್ಮ ಒಬ್ಬರೇ ಈ ಪ್ರಶ್ನೆ ಕೇಳಿದ್ದು.

ಆ ಬಿಬ್ ಹಾಕಿಕೊಂಡು ಹೊಸಕೋಟೆ ದಾಟಿ ನರಸಾಪುರದವರೆಗೂ ಹೋಗಿ ಬಂದ ದಿನ ಮನೆಗೆ ಬಂದು ನೋಡ್ತೀನಿ, ಎರಡು ಬಾಟಲಿಯಲ್ಲಿ ಒಂದು ತುಂಬಿದ್ದು ತುಂಬಿದ ಹಾಗೇ ಇದೆ. ಬೇಕಂತ ಬಿಟ್ಟಿದ್ದಲ್ಲ. ಕುಡಿದ್ರೆ ಇಳೀಬೇಕು, ಇಳಿದ್ರೆ ಬಿಚ್ಚಬೇಕು ಅಂತ ಮೈ ತಾನೇ ಲೆಕ್ಕ ಹಾಕಿಕೊಂಡಿತ್ತು. ಬಾಟಲಿ ಸಿಂಕಿಗೆ ಬಗ್ಗಿಸುವಾಗ ದಾಸರಹಳ್ಳಿಯ ಬಾಗಿಲ ತುಳಸಿ ನೆನಪಾಯ್ತು. ಲೈಕ್ರಾ ಹಾಕಿಕೊಂಡು ಶೋಕಿಗೆ ಸೈಕಲ್ ಹೊಡೆಯೋ ನನ್ನ ಕಷ್ಟಕ್ಕೂ ಹೊಟ್ಟೆಪಾಡಿಗೆ ಮಿಷಿನ್ ಮುಂದೆ ಕೂತವರ ಕಷ್ಟಕ್ಕೂ ಹೋಲಿಕೆ ಮಾಡೋದು ತಪ್ಪು, ಗೊತ್ತು. ಆದ್ರೆ ಕಿಡ್ನಿಗೆ ಅದೆಲ್ಲಾ ಗೊತ್ತಾಗಲ್ಲ ನೋಡಿ.

ಹಾಗಾಗಿ ನನ್ನ ಲೆಕ್ಕ ಈಗ ಹೀಗಿದೆ. ಬಿಬ್ಬೋ ಶಾರ್ಟ್ಸೋ ಅನ್ನೋದು ಮೈಯ ಪ್ರಶ್ನೆ ಅಲ್ಲ, ದಾರಿಯ ಪ್ರಶ್ನೆ. ದಾರಿಯಲ್ಲಿ ಮನೆ ಇದ್ಯಾ, ಆಫೀಸ್ ಇದ್ಯಾ, ಗುರುತಿನ ಹೋಟೆಲ್ ಇದ್ಯಾ? ಹಾಗಿದ್ರೆ ಬಿಬ್. ಎಲೆಕ್ಟ್ರಾನಿಕ್ ಸಿಟಿಯ ನನ್ನ ಗೆಳತಿ ಕ್ಯಾಂಪಸ್ಸಿನ ಸುತ್ತ ಒಂದೂವರೆ ಗಂಟೆ ಹೊಡೆದು ಆಫೀಸಿನಲ್ಲೇ ಸ್ನಾನ ಮಾಡ್ತಾಳೆ, ಅವಳಿಗೆ ಬಿಬ್ಬಿಗಿಂತ ಒಳ್ಳೇದಿಲ್ಲ. ಊರು ದಾಟಿ ಮೂರು ನಾಲ್ಕು ಗಂಟೆ ಹೋಗೋದಾದ್ರೆ ನಾನು ಶಾರ್ಟ್ಸ್ ಅಂತೀನಿ. ಆದ್ರೆ ಕಿರಿದಾದ ಎಲಾಸ್ಟಿಕ್ಕಿನದ್ದಲ್ಲ. ಯೋಗ ಪ್ಯಾಂಟಿಗೆ ಇರುತ್ತಲ್ಲ, ಹೊಕ್ಕಳ ಮೇಲೆವರೆಗೂ ಬರೋ ಅಗಲ ಪಟ್ಟಿ, ಅಂಥದ್ದು. ಅದು ಹೊಟ್ಟೆಯನ್ನ ಕತ್ತರಿಸಲ್ಲ, ತಬ್ಬಿಕೊಳ್ಳುತ್ತೆ, ಜಾರೋದೂ ಕಮ್ಮಿ. ಅಂಗಡಿಯ ಟ್ರಯಲ್ ರೂಮಿನಲ್ಲಿ ನೆಟ್ಟಗೆ ನಿಂತು ಕನ್ನಡಿ ನೋಡಬೇಡಿ. ಸೈಕಲ್ ಮೇಲೆ ಕೂತ ಹಾಗೆ ಬಗ್ಗಿ, ಒಂದು ನಿಮಿಷ ಹಾಗೇ ಇದ್ದು, ಹೊಟ್ಟೆಯಿಂದ ಉಸಿರೆಳೆದು ನೋಡಿ. ಬಿಬ್ಬಿಗೂ ಇದೇ ಪರೀಕ್ಷೆ. ನಿಂತಾಗ ಹೆಗಲು ಎಳೆದ ಹಾಗಿದ್ದು ಬಗ್ಗಿದಾಗ ಸರಿ ಹೋದ್ರೆ ಅದೇ ನಿಮ್ಮ ಸೈಜು. ಬಗ್ಗಿದಾಗಲೂ ಎಳೆದ್ರೆ ಬೇಡ. ನನ್ನಂಥ ಐದಡಿ ಒಂದಿಂಚಿನವರಿಗೆ ಇನ್ನೊಂದು ತೊಂದರೆ, ಪಟ್ಟಿ ಉದ್ದ ಜಾಸ್ತಿಯಾಗಿ ಹೆಗಲಿಂದ ಜಾರುತ್ತೆ. ಅದಕ್ಕೆ ಚಿಕ್ಕಮ್ಮ ಒಂದು ಟಕ್ ಹಾಕಿಕೊಟ್ಟಿದ್ದಾರೆ, ಕಂಪನಿಯವರು ನಾಚಬೇಕು ಹಾಗೆ.

ಇನ್ನು ಇನ್ನೂರು ಕಿಲೋಮೀಟರಿನ ಬ್ರೆವೆ ಥರದ್ದಕ್ಕೆ ಹೋಗೋರ ಕಥೆ ಬೇರೆ. ಹದಿಮೂರೂವರೆ ಗಂಟೆ ಟೈಮು. ಅಷ್ಟು ಹೊತ್ತು ಸೊಂಟದ ಪಟ್ಟಿ ಎಷ್ಟು ಅಗಲ ಇದ್ರೂ ಸಾಕಪ್ಪಾ ಅನ್ನಿಸುತ್ತೆ, ಬಿಬ್ ಹಾಕಿದ್ರೆ ನೀರಿನ ಪ್ರಶ್ನೆ. ಅವರಿಗೆ ಮೂರನೇ ದಾರಿಯೊಂದಿದೆ, ಬಿಚ್ಚದೇ ಇಳಿಸೋ ಬಿಬ್ಬು. ಕೆಲವದಕ್ಕೆ ಹಿಂಭಾಗದಲ್ಲಿ ಸೊಂಟದ ಸುತ್ತ ಜಿಪ್ಪು. ಕೆಲವದರ ಪಟ್ಟಿ ಬೆನ್ನಿನಲ್ಲಿ ಕ್ಲಿಪ್ಪಿನಿಂದ ಬಿಚ್ಚುತ್ತೆ. ಇನ್ನು ಕೆಲವು ಕತ್ತಿನ ಸುತ್ತ ಒಂದೇ ಪಟ್ಟಿ, ಹಾಲ್ಟರ್ ಥರ, ಜರ್ಸಿ ಒಳಗಿಂದಲೇ ತಲೆ ಮೇಲೆ ದಾಟಿಸಿಬಿಡಬಹುದು. ಹಿಂಭಾಗ ಸುಮ್ನೆ ಹಿಗ್ಗೋ ಹಾಗೆ ಹೊಲಿದಿರೋದೂ ಇದೆ, ಪಟ್ಟಿ ಹೆಗಲ ಮೇಲಿದ್ದ ಹಾಗೇ ಚಡ್ಡಿ ಮಾತ್ರ ಕೆಳಗೆ ಬರುತ್ತೆ. ನನಗೆ ಇಷ್ಟ ಆಗಿದ್ದು ಈ ಕೊನೇದು, ಕೆಡೋಕೆ ಅದರಲ್ಲಿ ಏನೂ ಇಲ್ಲ. ಬೆನ್ನಿನ ಕ್ಲಿಪ್ಪು ಕೇಳೋಕೆ ಚೆನ್ನ, ಬೆವರಿದ ಕೈಯಲ್ಲಿ, ಕತ್ತಲಲ್ಲಿ, ಗ್ಲೌಸ್ ಬೇರೆ ಹಾಕಿಕೊಂಡು, ಬೆನ್ನ ಹಿಂದೆ ಅದನ್ನ ಮತ್ತೆ ಸಿಕ್ಕಿಸಿ ನೋಡಿ ಆಮೇಲೆ ಮಾತಾಡಿ. ಒಂದೇ ಕಷ್ಟ, ಇವು ದುಬಾರಿ. ನಮ್ಮ ಅಂಗಡಿಗಳಲ್ಲಿ ಗಂಡಸರ ಬಿಬ್ಬು ಒಂದು ಗೋಡೆ ಇದ್ರೆ ಹೆಂಗಸರದ್ದು ಒಂದು ಮೊಳೆಗೆ ಎರಡು ನೇತಾಡ್ತಿರ್ತವೆ, ಅದರಲ್ಲೂ ನಿಮ್ಮ ಸೈಜ್ ಇರಲ್ಲ.

ಮುಟ್ಟಿನ ದಿನಗಳ ಬಗ್ಗೆ ಆ ಹುಡುಗಿ ಕೇಳಲಿಲ್ಲ, ನಾನೇ ಹೇಳಿದೆ. ಸೊಂಟಕ್ಕೆ ಬಿಬ್ ಹಿತ, ಬದಲಾಯಿಸೋದಕ್ಕೆ ಶಾರ್ಟ್ಸ್ ಸಲೀಸು. ಸ್ಯಾನಿಟರಿ ಪ್ಯಾಡು ಒಳಚಡ್ಡಿಯಿಲ್ಲದೆ ನಿಲ್ಲಲ್ಲ, ಶಾಮಿ ಮೇಲೆ ಅಂಟಿಸಿದ್ರೆ ಮುದುರಿ ಉಜ್ಜುತ್ತೆ. ನಾನು ಕಪ್ ಬಳಸೋಕೆ ಶುರು ಮಾಡಿದ ಮೇಲೆ ಬೆಳಿಗ್ಗೆ ಹೊರಟು ಮಧ್ಯಾಹ್ನ ಬರೋ ರೈಡಿಗೆ ಆ ತಲೆನೋವಿಲ್ಲ. ಎಲ್ಲರಿಗೂ ಹೊಂದಲ್ಲ ಅದು. ಹೊಂದದವರು ಆ ಎರಡು ದಿನ ಮನೆಯಲ್ಲಿ ಮಲಗಿದ್ರೆ ಯಾರೂ ಮೆಡಲ್ ಕಿತ್ತುಕೊಳ್ಳಲ್ಲ.

ಮತ್ತೆ, ಎರಡು ಜೊತೆ ಇರಲೇಬೇಕು. ಒಂದ್ಸಲ ಹಾಕಿದ್ದನ್ನ ಒಗೀದೇ ಇನ್ನೊಂದ್ಸಲ ಹಾಕೋ ಹಾಗಿಲ್ಲ, ಗುಳ್ಳೆ ಏಳುತ್ತೆ. ಕಂಫರ್ಟ್ ಗಿಂಫರ್ಟ್ ಹಾಕಿ ಒಗೀಬೇಡಿ, ಬಟ್ಟೆ ಬೆವರು ಹೀರೋದು ನಿಲ್ಲಿಸುತ್ತೆ. ಒಳಮಗ್ಗಲು ಮೇಲೆ ಮಾಡಿ ಒಣಗಿಸಿ. ಜುಲೈ ತಿಂಗಳಲ್ಲಿ ಆ ಪ್ಯಾಡು ಒಣಗೋಕೆ ಎರಡು ದಿನ ಬೇಕು. ಒಂದು ಒಳ್ಳೇ ಬಿಬ್ಬಿನ ದುಡ್ಡಿಗೆ ಸುಮಾರಾದ ಎರಡು ಶಾರ್ಟ್ಸ್ ಬರುತ್ತೆ ಅನ್ನೋದೂ ನನ್ನ ಲೆಕ್ಕದಲ್ಲಿದೆ. ಇಎಂಐ ಕಟ್ಟೋರು ನಾವು.

ಜನ ಏನಂತಾರೆ ಅನ್ನೋದನ್ನೂ ಕೇಳಿದಳು, ಪಾಪ. ನಾನು ಹೈಸ್ಕೂಲಿಗೆ ಹೋಗುವಾಗ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡೋಕೆ ಶುರು ಮಾಡಿತ್ತು, 2006-07ರಲ್ಲಿ. ನಮ್ಮೂರಿಂದ ನಾಲ್ಕು ಕಿಲೋಮೀಟರ್, ಚೂಡಿದಾರದ ವೇಲು ಚಕ್ರಕ್ಕೆ ಸಿಗದ ಹಾಗೆ ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಹೋಗ್ತಿದ್ವಿ. ಆಗಲೂ ಊರಿನ ಕಟ್ಟೆ ಮೇಲಿನವರು ಏನೋ ಅಂತಿದ್ರು. ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮನೆ ಹೆಣ್ಣುಮಕ್ಕಳು ಎಷ್ಟೋ ವರ್ಷದಿಂದ ಮೈಗಂಟಿದ ರೇಸ್ ಸೂಟ್ ಹಾಕಿಕೊಂಡು ರಾಷ್ಟ್ರ ಮಟ್ಟದಲ್ಲಿ ಸೈಕಲ್ ಹೊಡೀತಿದ್ದಾರೆ. ಐಟಿಪಿಎಲ್ಲಿನ ನಾವು ಕಟ್ಟೆ ಮೇಲಿನವರಿಗೆ ಹೆದರಿದ್ರೆ ಅವರು ನಗಲ್ವಾ? ಆದ್ರೂ ಹಳ್ಳಿ ಹೋಟೆಲಿನಲ್ಲಿ ತಿಂಡಿಗೆ ಇಳಿಯುವಾಗ ನಾನು ಮೇಲೊಂದು ಸಡಿಲ ಶಾರ್ಟ್ಸ್ ಹಾಕಿಕೊಳ್ತೀನಿ. ಹೆದರಿಕೆಗಲ್ಲ, ನೆಮ್ಮದಿಯಾಗಿ ದೋಸೆ ತಿನ್ನಬೇಕು ಅಷ್ಟೇ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯ್ತಲ್ಲ, ನಾವೀಗ ಬೆಂಗಳೂರು ಪೂರ್ವ ನಗರ ಪಾಲಿಕೆಯವರು. ಬೋರ್ಡು ಬದಲಾಯಿತು. ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಹುಡುಗಿ ಕೊನೆಗೆ ಅಗಲ ಪಟ್ಟಿಯ ಶಾರ್ಟ್ಸ್ ತಗೊಂಡಳು, ಎರಡು ಜೊತೆ. ಬಿಬ್ಬಿಗೆ ಬೋನಸ್ ಬರಲಿ ಅಂದಿದ್ದಾಳೆ. ಈ ಭಾನುವಾರ ಇಬ್ಬರೂ ಮಾಲೂರು ದಾಟಿ ಟೇಕಲ್ ಕಡೆ ಹೋಗೋಣ ಅಂತಿದೀವಿ, ಅಲ್ಲಿನ ಬಂಡೆ ಬೆಟ್ಟಗಳನ್ನ ಅವಳು ನೋಡಿಲ್ಲವಂತೆ. ಆ ದಾರಿಯಲ್ಲಿ ನೀರು ಬರೋ, ಚಿಲಕ ಬೀಳೋ ಟಾಯ್ಲೆಟ್ ನಿಮಗ್ಯಾರಿಗಾದ್ರೂ ಗೊತ್ತಿದ್ರೆ ಶನಿವಾರ ರಾತ್ರಿಯೊಳಗೆ ಒಂದು ಸಾಲು ಬರೆದು ಹಾಕಿ. ಬಾಗಿಲ ಹಿಂದೆ ಮೊಳೆ ಇದ್ರೆ ಅದನ್ನೂ ತಿಳಿಸಿ.